ಬ್ಲೀಚ್ ವಾಸನೆಯ ಮಾವ

ಗಂಟಲು ಸರಿಮಾಡಿಕೊಳ್ಳುವುದರಲ್ಲೇ ಮಾವನ ಅರ್ಧ ಮಾತು ಮುಗಿದುಹೋಗುತ್ತಿತ್ತು. ಒಂದು ಗೊರಗೊರ, ಸ್ವಲ್ಪ ಬಿಡುವು, ಇನ್ನೊಂದು ಗೊರಗೊರ, ಆಮೇಲೆ ‘ಇವಳೇ’ ಎಂಬ ಒಂದೇ ಪದ. ಅದರ ‘ಳೇ’ ಮಾತ್ರ ಎಣ್ಣೆ ಕಾಣದ ಬಾಗಿಲಿನ ಹಾಗೆ ಎಳೆದುಕೊಂಡು ಹೋಗಿ ತಟಕ್ಕನೆ ನಿಲ್ಲಬೇಕು. ಇಷ್ಟನ್ನು ಅಳಿಯನಾದ ಅವನು ದಿನಾ ಬೆಳಿಗ್ಗೆ, ಹೆಂಡತಿ ಕೆಲಸಕ್ಕೆ ಹೋದ ಮೇಲೆ, ಬಚ್ಚಲುಮನೆಯಲ್ಲಿ ನಿಂತು ಗೋಡೆಯ ಮೇಲ್ತುದಿಯ ಗವಾಕ್ಷಿಗೆ ಮುಖವೆತ್ತಿ ಮಾಡುತ್ತಿದ್ದ. ಗೋಡೆಯ ಆ ಕಡೆ ಅತ್ತೆಯ ಕೋಣೆ. ಅತ್ತೆ ಮಂಚದ ಅಂಚಿನಲ್ಲಿ ಕೂತು, ಅಂಗೈಯಲ್ಲಿ ರಕ್ತದೊತ್ತಡದ ಮಾತ್ರೆ ಇಟ್ಟುಕೊಂಡು ಕಾಯುತ್ತಿರುತ್ತಿದ್ದರು. ‘ಇವಳೇ... ಮಾತ್ರೆ’ ಎಂದು ಗೋಡೆ ಹೇಳಿದ ಕೂಡಲೇ ‘ಹೂಂ ರೀ’ ಎನ್ನುವ ಸದ್ದು, ಲೋಟ ಎತ್ತಿದ ಸದ್ದು, ಗುಟುಕಿನ ಸದ್ದು, ಲೋಟ ಇಟ್ಟ ಸದ್ದು. ಹೋದ ವರ್ಷ ತೀರಿಕೊಂಡ ಮಾವ ಹೀಗೆ ದಿನಾ ಸ್ವಲ್ಪ ಹೊತ್ತು ಬದುಕಿ, ನಲ್ಲಿ ತಿರುಗಿಸಿದ ಮೇಲೆ ನೀರಿನ ಜೊತೆ ಹೊರಟುಹೋಗುತ್ತಿದ್ದರು. ಆದರೆ ಇವತ್ತು ಹೆಂಡತಿ ರಜೆ ಹಾಕಿ ಮನೆಯಲ್ಲೇ ಇದ್ದಳು. ಹಜಾರದಲ್ಲಿ ಅವಳ ಚಪ್ಪಲಿ ಚಟಪಟ ಅನ್ನುತ್ತಿತ್ತು. ಅವನು ಬಾಯಿ ತುಂಬ ನೊರೆ ಇಟ್ಟುಕೊಂಡು, ಗವಾಕ್ಷಿಯ ಕಡೆ ನೋಡದೆ, ಬೇರೆಯವರ ಮನೆಯ ಬಚ್ಚಲಿಗೆ ಬಂದವನ ಹಾಗೆ ಹಲ್ಲುಜ್ಜಿದ. ಗೋಡೆಯ ಆ ಕಡೆ ಮಂಚ ಒಮ್ಮೆ ಕಿರ್ ಎಂದಿತು. ಕಾಯುವ ಕಿರ್.

ಬೇರೆಯವರ ಮನೆ ಎಂಬುದೂ ಪೂರಾ ಸುಳ್ಳಲ್ಲ. ಮಾವನಿಗೆ ಹುಷಾರಿಲ್ಲದಾಗ ‘ಸದ್ಯಕ್ಕೆ’ ಎಂದು ಒಂದು ಸೂಟ್‌ಕೇಸ್ ಹಿಡಿದು ಬಂದವರು ಅವನೂ ಹೆಂಡತಿಯೂ. ಆ ಸದ್ಯ ಎಂಬುದು ಮೆಲ್ಲಗೆ ಗೋಡೆಗೆ ಮೊಳೆ ಹೊಡೆದು, ಅಂಗಿ ನೇತುಹಾಕಿ, ಒಂದು ಪುಸ್ತಕದ ಕಪಾಟನ್ನೂ ತರಿಸಿಕೊಂಡಿತ್ತು. ‘ಮನೆ ಅಳಿಯ’ ಎಂದು ಯಾರೂ ಅಂದಿರಲಿಲ್ಲ. ಅನ್ನದೆ ಇದ್ದದ್ದೇ ಅವನ ಕಿವಿಗೆ ಜೋರಾಗಿ ಕೇಳುತ್ತಿತ್ತು. ಮಾವ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಎದುರಿಗಿದ್ದವರು ಗುಂಡುಸೂಜಿಗಿಂತ ದೊಡ್ಡವರಿದ್ದರೆ ಅವರಿಗೆ ಕಾಣಿಸುತ್ತಿರಲಿಲ್ಲ. ಅವರ ಜೊತೆ ಆಡಿದ ಒಟ್ಟು ಮಾತನ್ನು ಸೇರಿಸಿದರೆ ಒಂದು ಪೋಸ್ಟ್‌ಕಾರ್ಡಿನಲ್ಲಿ ಹಿಡಿಸಿ, ವಿಳಾಸ ಬರೆಯಲೂ ಜಾಗ ಉಳಿಯುತ್ತಿತ್ತು. ಅವರು ಹೋದ ಮೇಲೆ ಅತ್ತೆ ಮಾತ್ರೆ ಬಿಟ್ಟರು. ಮಗಳು ಬೈದಳು, ಅತ್ತಳು. ದೂರದ ಊರಿನಿಂದ ಮಗ ಫೋನಿನಲ್ಲಿ ಗದರಿದ. ಅವನೂ ತನ್ನ ಪಾಲಿಗೆ ಬಂದ ವಿನಯದಿಂದ ‘ತಗೊಳ್ಳಿ ಅತ್ತೆ’ ಎಂದು ಬೇಡಿದ. ‘ಆಮೇಲೆ ತಗೋತೀನಿ ಅಳಿಯಂದ್ರೇ’ ಎನ್ನುತ್ತಿದ್ದರು. ಆಮೇಲೆ ಆ ಮಾತ್ರೆಗಳು ತುಳಸಿಯಲ್ಲದ ಯಾವುದೋ ಗಿಡದ ಕುಂಡದಲ್ಲಿ ಸಿಗುತ್ತಿದ್ದವು. ಗಿಡಕ್ಕೆ ರಕ್ತದೊತ್ತಡ ಇಳಿದು ಅದು ಒಂದು ಕಡೆ ಒರಗಿತ್ತು. ಒಂದು ಬೆಳಿಗ್ಗೆ, ಯಾವ ಯೋಜನೆಯೂ ಇಲ್ಲದೆ, ಮೈಗೆ ಸೋಪು ಹಚ್ಚಿಕೊಂಡು ನಿಂತಿದ್ದಾಗ, ಅವನ ಗಂಟಲು ತಾನಾಗಿಯೇ ಗೊರಗೊರ ಎಂದಿತು. ಗೊರಗೊರದ ಹಿಂದೆ ‘ಇವಳೇ’ ಬಂತು. ಅದರ ಹಿಂದೆ ‘ಮಾತ್ರೆ’. ಗೋಡೆಯ ಆ ಕಡೆ ಮಂಚ ಕಿರ್ ಎಂದಿತು. ಆಮೇಲೆ ಲೋಟದ ಸದ್ದು. ಅವನು ಸೋಪು ಒಣಗಿ ಮೈ ಬಿಗಿಯುವವರೆಗೂ ಅಲ್ಲೇ ನಿಂತಿದ್ದ.

ಅನುಕರಣೆ ಅವನಿಗೆ ಕೆಮ್ಮಿನ ಹಾಗೆ. ತಡೆದರೆ ಇನ್ನೂ ಜೋರಾಗಿ ಬರುತ್ತಿತ್ತು. ಶಾಲೆಯಲ್ಲಿ ಹೆಡ್‌ಮಾಸ್ಟರ ಸೀನು, ಹಾಸ್ಟೆಲಿನಲ್ಲಿ ವಾರ್ಡನ್ನಿನ ಮೆಟ್ಟಿಲು ಹತ್ತುವ ಏದುಸಿರು, ಕುಕ್ಕರಿನ ಕೊನೆಯ ಸೀಟಿ, ರೈಲ್ವೆ ಪ್ರಕಟಣೆಯ ಹೆಂಗಸು. ಕಾಲೇಜಿನಲ್ಲಿ ಇದಕ್ಕೇ ಮನಸೋತ ಹುಡುಗಿ, ಈಗಿನ ಹೆಂಡತಿ, ಒಂದು ಸಂಜೆ ನಕ್ಕೂ ನಕ್ಕೂ ಸುಸ್ತಾಗಿ, ‘ಇದರಲ್ಲಿ ನಿಮ್ಮದು ಯಾವುದು?’ ಎಂದು ಕೇಳಿದ್ದಳು. ಅವನು ಅದನ್ನು ಹೊಗಳಿಕೆ ಎಂದು ತಿಳಿದುಕೊಂಡಿದ್ದ. ಗವಾಕ್ಷಿಯ ವ್ಯವಹಾರವನ್ನು ಅವಳಿಗೆ ಹೇಳಬೇಕು ಎಂದುಕೊಂಡದ್ದೇನೋ ಹೌದು. ಆದರೆ ಮಾತ್ರೆ ಹೊಟ್ಟೆಗೆ ಹೋಗುತ್ತಿತ್ತು, ಕುಂಡದ ಗಿಡ ಚೇತರಿಸಿಕೊಂಡಿತ್ತು, ಅದರ ಜೊತೆ ಅತ್ತೆ ಗೋಡೆಗೆ ಒಂದೊಂದೇ ಮಾತು ಹೇಳತೊಡಗಿದ್ದರು. ‘ನಿಮ್ಮ ಅಳಿಯ ಒದ್ದೆ ಟವೆಲ್ಲು ಮಂಚದ ಮೇಲೆ ಎಸೀತಾನೆ ರೀ.’ ಮಾರನೆಯ ದಿನದಿಂದ ಟವೆಲ್ಲು ತಂತಿಗೆ ಏರಿತು. ‘ಮಗಳು ಸಂಜೆ ಸುಸ್ತಾಗಿ ಬರ್ತಾಳೆ, ಅವನು ಒಂದು ಲೋಟ ಟೀ ಮಾಡಿಕೊಟ್ಟರೆ ಕೈ ಸವೆಯುತ್ತಾ?’ ಟೀ ಒಲೆಗೆ ಏರಿತು. ಎದುರಿಗೆ ‘ಅಳಿಯಂದ್ರೇ, ನೀವು’ ಎನ್ನುವ ಅತ್ತೆ ಗೋಡೆಯ ಹಿಂದೆ ‘ಅವನು, ಎಸೀತಾನೆ’ ಎನ್ನುವುದನ್ನು ಕೇಳಿ ಅವನಿಗೆ ಅವಮಾನವೂ ಆಗುತ್ತಿತ್ತು, ಕದ್ದು ಕೇಳಿದ ಖುಷಿಯೂ ಆಗುತ್ತಿತ್ತು. ಈ ಏಕವಚನವೇ ನಿಜ, ಆ ಬಹುವಚನ ಅತಿಥಿಗೆ ಕೊಡುವ ಬಿಸ್ಕತ್ತು ಎಂದು ಎಷ್ಟೋ ಸಲ ಅನ್ನಿಸಿತ್ತು.

ಹೋದ ವಾರ ಹೆಂಡತಿ ಮರೆತ ಛತ್ರಿಗೆಂದು ವಾಪಸ್ ಬಂದಳು. ಬಾಗಿಲು ತೆರೆದ ಸದ್ದಿಗೆ ಅವನು ಬಾಯಿ ಮುಚ್ಚಿದ, ಅತ್ತೆ ಮುಚ್ಚಲಿಲ್ಲ. ‘ಹೂಂ ರೀ, ತಗೊಂಡೆ. ಮೊಣಕಾಲು ಪರವಾಗಿಲ್ಲ. ನೀವು ಹೇಗಿದ್ದೀರಿ?’ ಎನ್ನುತ್ತಿದ್ದ ತಾಯಿಯನ್ನು ಮಗಳು ಕೋಣೆಯ ಬಾಗಿಲಲ್ಲಿ ನಿಂತು ನೋಡಿದಳು. ಆ ರಾತ್ರಿಯೇ ಅಣ್ಣನಿಗೆ ಫೋನು. ಅಣ್ಣ ಹೇಳಿದ: ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆ ಇದೆ, ದೊಡ್ಡ ಕಿಟಕಿಗಳಿವೆ, ನರ್ಸುಗಳಿದ್ದಾರೆ, ಡಾಕ್ಟರು ಬುದ್ಧಿ ಮಂಕಾಗಿದೆ ಎಂದರೆ ತಡಮಾಡುವುದು ಬೇಡ. ಡಾಕ್ಟರ ಹತ್ತಿರ ಇವತ್ತು ನಾಲ್ಕು ಗಂಟೆಗೆ. ಅವನು ಅವತ್ತೇ ಹೇಳಬಹುದಿತ್ತು. ಹೇಳಲು ಬಾಯಿ ತೆರೆದದ್ದೂ ನಿಜ. ಆದರೆ ಹೆದರಿದಾಗ ಅವನ ಬಾಯಿಗೆ ಹತ್ತಿರದಲ್ಲಿ ಬಿದ್ದಿದ್ದ ದನಿ ಯಾವುದೋ ಅದೇ ಬರುತ್ತಿತ್ತು. ಅವತ್ತು ಬಂದದ್ದು ಭಾವನದ್ದು. ‘ದೊಡ್ಡ ಕಿಟಕಿಗಳಿವೆ’ ಎಂದ, ಭಾವನ ಮೂಗಿನಲ್ಲಿ. ಹೆಂಡತಿ ಅರ್ಧ ನಕ್ಕು, ಉಳಿದರ್ಧ ಅತ್ತಳು. ಅಳುವವಳಿಗೆ ನಿಜ ಹೇಳುವುದು ಹೇಗೆ ಎಂದು ಅವನು ವಾರವಿಡೀ ಯೋಚಿಸಿದ. ನಗುವವಳಿಗೂ ಹೇಳಲಾಗಿರಲಿಲ್ಲ ಎಂಬುದನ್ನು ಮಾತ್ರ ಯೋಚಿಸಲಿಲ್ಲ.

‘ರೀ, ಮೂರೂವರೆಗೆ ಬಂದ್ಬಿಡಿ. ಅಮ್ಮ ಇವತ್ತು ಮಾತ್ರೆ ತಗೊಳ್ತಾನೇ ಇಲ್ಲ. ಕೈಯಲ್ಲಿ ಹಿಡ್ಕೊಂಡು ಗೋಡೆ ನೋಡ್ತಾ ಕೂತಿದ್ದಾರೆ.’ ಹೆಂಡತಿ ಬಾಗಿಲಲ್ಲಿ ಹೇಳಿದಳು.

‘ಬರ್ತೀನಿ’ ಎಂದ. ಅದು ಯಾರ ದನಿಯಲ್ಲಿ ಬಂತೋ ಗಮನಿಸಲಿಲ್ಲ.

ಪ್ರಯೋಗಾಲಯದಲ್ಲಿ ಅವನ ಕಸುಬು ಬೇರುಗಂಟಿನ ಹುಳುಗಳದ್ದು. ನೆಮಟೋಡ್ ಎಂದರೆ ಮನೆಗೆ ಬಂದವರು ಔಷಧಿಯ ಹೆಸರು ಎಂದುಕೊಳ್ಳುತ್ತಿದ್ದರು. ಕೂದಲಿಗಿಂತ ಸಣ್ಣ, ಕಣ್ಣಿಲ್ಲದ, ಬಾಯಲ್ಲಿ ಒಂದು ಸೂಜಿ ಇಟ್ಟುಕೊಂಡ ಪ್ರಾಣಿ. ಟೊಮೇಟೊ ಗಿಡದ ಗಂಟುಗಂಟಾದ ಬೇರನ್ನು ಕತ್ತರಿಸಿ, ತೆಳು ಬ್ಲೀಚಿನ ನೀರಲ್ಲಿ ಹಾಕಿ ಗಲಗಲ ಅಲ್ಲಾಡಿಸಿದರೆ, ಮೊಟ್ಟೆಗಳನ್ನು ಹಿಡಿದಿಟ್ಟ ಅಂಟು ಕರಗಿ ಮೊಟ್ಟೆಗಳು ಬಿಡುಗಡೆಯಾಗುತ್ತವೆ. ಅವನ್ನು ಜರಡಿಯಲ್ಲಿ ಹಿಡಿದು ತೊಳೆಯಬೇಕು. ಅವನ ಕೈಗೆ ಸದಾ ಈಜುಕೊಳದ ವಾಸನೆ. ಜೊತೆಗೆ ಕೆಲಸ ಮಾಡುವ ಹೆಂಗಸಿಗೆ ‘ಜರಡಿ’ ಎಂದು ಅಡ್ಡಹೆಸರು. ಅವಳ ಕೈಯಿಂದ ಒಂದು ಮೊಟ್ಟೆಯೂ ಜಾರದು, ಬಾಯಿಂದ ಮಾತ್ರ ಎಲ್ಲವೂ ಜಾರುತ್ತದೆ. ವಿಭಾಗದ ಮುಖ್ಯಸ್ಥರು ಗಂಟು ಮೇಷ್ಟ್ರು. ಮೂವತ್ತು ವರ್ಷ ಗಂಟು ನೋಡಿ ನೋಡಿ ಮುಖವನ್ನೂ ಹಾಗೇ ಇಟ್ಟುಕೊಂಡಿದ್ದರು.

‘ಏನು ಸರ್, ಇವತ್ತು ಪ್ರದರ್ಶನ ಇಲ್ವಾ? ಮುಖ ಒಗೆಯೋಕೆ ಹಾಕಿ ಹಿಂಡದೆ ಬಿಟ್ಟ ಹಾಗಿದೆ’ ಎಂದಳು ಜರಡಿ.

‘ಮೂಡಿಲ್ಲ.’

‘ಮೇಷ್ಟ್ರದ್ದು ಒಂದೇ ಒಂದು. ಆಮೇಲೆ ತಟ್ಟೆ ತೋರಿಸ್ತೀನಿ. ಇವತ್ತು ತಮಾಷೆ ಇದೆ.’

ಅವನು ತಡೆಯಲಾರದೆ ಎದೆ ಒಳಗೆಳೆದುಕೊಂಡು, ಗಲ್ಲವನ್ನು ಕತ್ತಿನೊಳಗೆ ಇಳಿಸಿ ಹೇಳಿದ: ‘ಬೇರಿಗೆ ಹೋಗ್ರಪ್ಪಾ. ಬೇರೆ ಕಡೆ ಹೋಗಬೇಡಿ. ಹುಳಕ್ಕೆ ಇರೋ ಬುದ್ಧಿ ನಿಮಗಿಲ್ಲ.’

‘ನನ್ನ “ಳ” ಅಷ್ಟು ದಪ್ಪ ಇಲ್ಲ’ ಎಂದಿತು ಹಿಂದಿನಿಂದ ಅದೇ ದನಿ, ಅಸಲಿ. ಜರಡಿ ತಟ್ಟನೆ ಸೂಕ್ಷ್ಮದರ್ಶಕದಲ್ಲಿ ಮುಖ ಹುದುಗಿಸಿದಳು. ಅವಳ ಭುಜ ಕುಣಿಯುತ್ತಿತ್ತು. ಅವನ ಕಿವಿ ಬಿಸಿಯಾಯಿತು. ಮೇಷ್ಟ್ರು ಕೋಪಿಸಿಕೊಳ್ಳಲಿಲ್ಲ, ಕೋಪಿಸಿಕೊಂಡಿದ್ದರೆ ಎಷ್ಟೋ ಸುಖವಿತ್ತು. ‘ಶುಕ್ರವಾರದ ಸಭೇಲಿ ಈ ಫಲಿತಾಂಶ ನೀವೇ ಹೇಳಿ. ಹೋದ ಸಲ ನನ್ನ ದನೀಲಿ ಹೇಳಿದ್ರಿ. ಅದರ ಹಿಂದಿನ ಸಲ ಆ ಪರದೇಶದ ಪ್ರೊಫೆಸರ ದನೀಲಿ. ಈ ಸಲ ನಿಮ್ಮದರಲ್ಲಿ ಹೇಳಿ. ಕೇಳಬೇಕು ಅಂತ ಬಹಳ ದಿನದ ಆಸೆ’ ಎಂದು ಹೊರಟುಹೋದರು. ಅವರ ಬೂಟಿನ ಸದ್ದು ಕಾರಿಡಾರಿನಲ್ಲಿ ಮರೆಯಾಗುವವರೆಗೂ ಅವನ ನಾಲಿಗೆ, ಇಷ್ಟಾದ ಮೇಲೂ, ಆ ಬೂಟಿನ ತಾಳವನ್ನು ಹಲ್ಲಿನ ಹಿಂದೆ ಹಾಕಿಕೊಳ್ಳುತ್ತಿತ್ತು.

‘ಬನ್ನಿ ಬನ್ನಿ, ಹೋದ ಮಾನಾನ ಆಮೇಲೆ ಹುಡುಕೋಣ. ಇಲ್ಲಿ ನೋಡಿ’ ಎಂದಳು ಜರಡಿ. ಎರಡು ಗಾಜಿನ ತಟ್ಟೆ, ಒಳಗೆ ಜೆಲ್ಲಿ, ಜೆಲ್ಲಿಯಲ್ಲಿ ಟೊಮೇಟೊ ಸಸಿಯ ಎಳೆ ಬೇರು. ಎಡಗಡೆಯ ತಟ್ಟೆಯಲ್ಲಿ ಹುಳುಗಳು ಬೇರಿನ ತುದಿಗೆ ಮುತ್ತಿಕೊಂಡಿದ್ದವು, ವಾಕ್ಯದಿಂದ ಜಾರಿಬಿದ್ದ ಅಲ್ಪವಿರಾಮಗಳ ಹಾಗೆ. ಬಲಗಡೆಯಲ್ಲಿ ಅವು ಬೇರಿನ ಹತ್ತಿರಕ್ಕೆ ಬಂದು, ಏನೋ ಮರೆತವರಂತೆ ನಿಂತು, ತಿರುಗಿ ಹೋಗುತ್ತಿದ್ದವು. ‘ಎರಡಕ್ಕೂ ಮೊದಲೇ ಹುಳದ ವಾಸನೆ ಸವರಿದ್ದೆ. ಹುಳಗಳು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳೋಕೆ ಬಿಡ್ತಾವಲ್ಲ, ಆ ವಾಸನೆ. ಬೇರಿಗೆ ಅದು ಗೊತ್ತಾಗುತ್ತೆ, ಗೊತ್ತಾಗಿ ಒಳಗೆಲ್ಲ ಗಂಟೆ ಬಾರಿಸುತ್ತೆ, ಅದು ನಮಗೂ ಗೊತ್ತಿತ್ತು. ಆದರೆ ಈ ಬಲಗಡೆಯವಳು ಬರೀ ಗಾಬರಿಯಾಗಿ ಕೂತಿಲ್ಲ. ಆ ವಾಸನೇನ ಒಳಗೆ ತಗೊಂಡು, ಅದರ ಅಣುವಿನ ಬಾಲ ಕತ್ತರಿಸಿ, ಅವಕ್ಕೇ ವಾಪಸ್ ಬಿಡ್ತಿದ್ದಾಳೆ. ಹುಳಕ್ಕೆ ಅದು ತನ್ನವರೇ ಯಾರೋ “ಇಲ್ಲಿ ಜಾಗ ಇಲ್ಲ” ಅಂದ ಹಾಗೆ.’

‘ಮುಂದಕ್ಕೆ ಹೋಗ್ರೀ, ಮುಂದೆ ಖಾಲಿ ಇದೆ’ ಎಂದ ಅವನು, ಬಸ್ ಕಂಡಕ್ಟರನ ಗಂಟಲಲ್ಲಿ.

‘ಹಾಂ, ಅದೇ. ಎಡಗಡೆಯವಳ ಹತ್ತಿರ ಆ ಕತ್ತರಿ ಇಲ್ಲ, ನಾವೇ ಕಿತ್ತುಹಾಕಿದ್ದೀವಿ. ಅದಕ್ಕೇ ಅವಳ ಮೇಲೆ ಜಾತ್ರೆ. ಬಲಗಡೆಯವಳು ನಿಮ್ಮ ಕಸುಬಿನವಳೇ ನೋಡಿ.’

ಅವನು ಕಸುಬಿನ ಇನ್ನೊಂದು ತುದಿಯನ್ನು ಯೋಚಿಸುತ್ತಿದ್ದ. ಈ ಎಲ್ಲ ಕಾವಲು ದಾಟಿಯೂ ಒಳಗೆ ಹೋಗುವ ಹುಳವೊಂದು ಇರುತ್ತದಲ್ಲ, ಅದನ್ನು. ಅದು ಬೇರನ್ನು ಒಡೆದು ನುಗ್ಗುವುದಿಲ್ಲ. ಜೀವಕೋಶಗಳ ಸಂದಿಯಲ್ಲಿ ಸಭ್ಯನ ಹಾಗೆ ‘ಸ್ವಲ್ಪ ಜರುಗಿ’ ಎನ್ನುತ್ತ ನಡೆಯುತ್ತದೆ. ಸೂಜಿಯಿಂದ ಒಂದಿಷ್ಟು ಉಗುಳು ಚುಚ್ಚಿ ಗಂಟೆಗಳ ನಾಲಿಗೆಗೆ ಬಟ್ಟೆ ಸುತ್ತುತ್ತದೆ. ಆಮೇಲೆ ಬೇರು ತನ್ನೊಳಗೆ ತಾನೇ ಆಡಿಕೊಳ್ಳುವ, ಬೆಳೆ, ಹಿಗ್ಗು ಎನ್ನುವಂಥ ಮನೆಮಾತೊಂದನ್ನು ಅದರ ದನಿಯಲ್ಲೇ ಅದರ ಕಿವಿಯಲ್ಲಿ ಹೇಳುತ್ತದೆ. ಪಾಪದ ಬೇರು, ಮನೆಯವರೇ ಕರೆದರು ಎಂದುಕೊಂಡು, ನಾಲ್ಕಾರು ಕೋಶಗಳನ್ನು ದೈತ್ಯನ ಹಾಗೆ ಉಬ್ಬಿಸಿ ಊಟ ಬಡಿಸುತ್ತದೆ. ಹುಳ ಅಲ್ಲೇ ಕೂತು, ಉಂಡು, ದುಂಡಗಾಗಿ, ಮತ್ತೆ ಏಳುವುದೇ ಇಲ್ಲ. ಸದ್ಯಕ್ಕೆ ಎಂದು ಬಂದದ್ದು. ಅವನ ಇಸ್ತ್ರಿಯಾದ ಅಂಗಿ, ಅತ್ತೆ ಎತ್ತಿಟ್ಟ ಊಟ, ಕಪಾಟಿನ ಪುಸ್ತಕ ಎಲ್ಲವೂ ಸೂಕ್ಷ್ಮದರ್ಶಕದ ಬೆಳಕಿನಲ್ಲಿ ಪಾರದರ್ಶಕವಾಗಿ ಕಂಡವು. ಬೇರಿಗೆ ಆದದ್ದು ಬರೀ ಗಂಟು. ಇಲ್ಲಿ, ಅವನು ಉಗುಳಿದ ಒಂದು ‘ಇವಳೇ’ಯಿಂದ, ಸರಿಯಾಗಿಯೇ ಇರುವ ಹೆಂಗಸೊಬ್ಬಳು ಸಂಜೆಯೊಳಗೆ ಹುಚ್ಚಿ ಎನಿಸಿಕೊಂಡು ದೊಡ್ಡ ಕಿಟಕಿಗಳ ಹಿಂದೆ ಹೋಗಿ ಕೂರಲಿದ್ದಳು. ಅವನು ಕೈ ತೊಳೆದ. ಮತ್ತೆ ತೊಳೆದ. ಈಜುಕೊಳದ ವಾಸನೆ ಹೋಗಲಿಲ್ಲ.

ಡಾಕ್ಟರ ಕಾಯುವ ಕೋಣೆಯಲ್ಲಿ ಅತ್ತೆ ಮದುವೆಗೆ ಬಂದವರ ಹಾಗೆ ಕೂತಿದ್ದರು. ಒಳ್ಳೆಯ ಸೀರೆ, ತೊಡೆಯ ಮೇಲೆ ಕೈಚೀಲ, ಎದುರಿನ ಮೀನಿನ ತೊಟ್ಟಿಯ ಬಗ್ಗೆ ಅಭಿಪ್ರಾಯಗಳು. ‘ಆ ಕೆಂಪು ಮೀನು ನಿಮ್ಮ ಅಣ್ಣನ ಹಾಗೇ ಬಾಯಿ ತೆಗೀತಿದೆ ನೋಡೇ’ ಎಂದರು ಮಗಳಿಗೆ. ಮಗಳು ನಗಲಿಲ್ಲ. ನಡುವೆ ಕೂತ ಅವನು ಮೀನನ್ನೇ ನೋಡಿದ, ಹೌದು, ಭಾವನೇ. ಈಗ ಹೇಳಬೇಕು. ಮೀನು ಈ ಮೂಲೆಯಿಂದ ಆ ಮೂಲೆಗೆ ಹೋದ ಮೇಲೆ ಹೇಳುತ್ತೇನೆ. ಮೀನು ಹೋಯಿತು. ವಾಪಸ್ ಬಂದ ಮೇಲೆ. ವಾಪಸ್ಸೂ ಬಂತು. ಅಷ್ಟರಲ್ಲಿ ಒಳಗಿಂದ ಕರೆದರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಪ್ರತಿ ಮಾತಿನ ತುದಿಗೆ ‘ಅಲ್ವಾ’ ಎಂದು ಒಂದು ಮೆತ್ತೆ ಇಟ್ಟು ಮಾತಾಡುತ್ತಿದ್ದರು. ಇವತ್ತು ಯಾವ ವಾರ, ಇದು ಯಾವ ತಿಂಗಳು, ಈ ಚಿತ್ರದಲ್ಲಿ ಏನಿದೆ ಎಂದು ಕೇಳಿದರು. ಅತ್ತೆ ಎಲ್ಲಕ್ಕೂ ಸರಿಯಾಗಿ ಹೇಳಿ, ಚಿತ್ರದ ಗಡಿಯಾರದ ಮುಳ್ಳು ಬರೆದವನಿಗೆ ಗಡಿಯಾರದ ಗಂಧಗಾಳಿ ಇಲ್ಲ ಎಂದೂ ಸೇರಿಸಿದರು. ಡಾಕ್ಟರು ಮುಗುಳ್ನಕ್ಕು, ದನಿ ಇಳಿಸಿ, ‘ಅಮ್ಮಾ, ನಿಮ್ಮ ಯಜಮಾನ್ರು ತೀರಿಹೋಗಿದ್ದಾರೆ ಅಲ್ವಾ?’ ಎಂದರು.

‘ಹೌದು, ಹೋದ ವರ್ಷ.’

‘ಆದರೂ ನಿಮಗೆ ಅವರ ದನಿ ಕೇಳಿಸುತ್ತೆ, ಅಲ್ವಾ?’

ಅತ್ತೆ ಕೈಚೀಲದ ಕೊಂಡಿಯನ್ನು ಒಮ್ಮೆ ತೆಗೆದು ಹಾಕಿದರು. ಅವನ ಕಡೆ ನೋಡಿದರೋ, ಅವನ ಹಿಂದಿನ ಗೋಡೆಯ ಕಡೆ ನೋಡಿದರೋ, ಅವನಿಗೆ ಕೊನೆಗೂ ತಿಳಿಯಲಿಲ್ಲ. ‘ಕೇಳಿಸುತ್ತೆ ಡಾಕ್ಟ್ರೇ. ದಿನಾ ಬೆಳಿಗ್ಗೆ. ಮಾತ್ರೆ ತಗೋ ಅಂತಾರೆ.’ ಹೆಂಡತಿಯ ಕೈ ಅವನ ಮೊಣಕೈಯನ್ನು ಹಿಡಿದುಕೊಂಡಿತು. ಡಾಕ್ಟರ ಪೆನ್ನು ಹಾಳೆಯ ಮೇಲೆ ಇಳಿಯಿತು. ಪೆನ್ನು ಒಂದು ಸಾಲು ಓಡಿದರೆ ಸಾಕು, ಮುಗಿಯಿತು, ಎಂದು ಅವನಿಗೆ ಅನ್ನಿಸಿತು.

‘ಒಂದು ವಿಷಯ ಹೇಳಬೇಕು, ಅಲ್ವಾ?’ ಎಂದ. ಸಣ್ಣಗೆ, ಮೆತ್ತಗೆ, ಡಾಕ್ಟರ ದನಿಯಲ್ಲೇ.

ಡಾಕ್ಟರು ತಲೆಯೆತ್ತಿದರು. ‘ಏನಂದ್ರಿ?’

‘ಕ್ಷಮಿಸಿ. ನಾನು ಬೇಕು ಅಂತ...’ ಈಗ ಬಂದದ್ದು ಗಂಟು ಮೇಷ್ಟ್ರ ಗಲ್ಲ. ಅವನು ಬಾಯಿ ಮುಚ್ಚಿಕೊಂಡ. ಇಷ್ಟು ದೊಡ್ಡ ಬಾಯಲ್ಲಿ ತನ್ನದು ಎಂದು ಒಂದು ಮಾತು ಹುಡುಕಿದರೆ, ಬೇರೆಯವರ ಚಪ್ಪಲಿಗಳೇ ತುಂಬಿದ ಬಾಗಿಲಲ್ಲಿ ತನ್ನದನ್ನು ಹುಡುಕಿದ ಹಾಗಿತ್ತು. ಕೊನೆಗೆ ಕೈಗೆ ಸಿಕ್ಕಿದ್ದನ್ನೇ ಹಾಕಿಕೊಂಡ. ಗಂಟಲು ಗೊರಗೊರ ಎಂದಿತು. ಬಿಡುವು. ಮತ್ತೆ ಗೊರಗೊರ. ‘ಇವಳೇ... ಮಾತ್ರೆ.’

ಹೆಂಡತಿಯ ಕೈ ಅವನ ಮೊಣಕೈ ಬಿಟ್ಟಿತು. ಅವಳು ಬಾಗಿಲ ಕಡೆ ತಿರುಗಿ ನೋಡಿದಳು. ತೆರೆದಿದ್ದ ಬಾಗಿಲಲ್ಲಿ ಯಾರೂ ಇರಲಿಲ್ಲ. ಆಮೇಲೆ ಅವನನ್ನು ನೋಡಿದಳು. ಅಷ್ಟು ಹೊತ್ತು ಅವಳು ಅವನನ್ನು ಯಾವತ್ತೂ ನೋಡಿರಲಿಲ್ಲ.

‘ನೀವಾ?’

‘ನಾನೇ. ಬಚ್ಚಲಿಂದ. ಗವಾಕ್ಷಿಯಿಂದ. ಮಾತ್ರೆ ತಗೊಳ್ಳಲಿ ಅಂತ. ಅಮ್ಮನಿಗೆ ಏನೂ ಆಗಿಲ್ಲ. ದನಿ ನಿಜವಾಗಿಯೂ ಕೇಳ್ತಿತ್ತು.’

‘ಒಂದು ವಾರದಿಂದ ನಾನು ನಿದ್ದೆ ಮಾಡಿಲ್ಲ. ನಿಮ್ಮ ಪಕ್ಕದಲ್ಲೇ ಮಲಗಿಕೊಂಡು ಅತ್ತಿದ್ದೀನಿ. ಆಗಲೂ ಹೇಳಲಿಲ್ಲ’ ಎಂದಳು ಅವಳು, ದನಿ ಎತ್ತದೆ.

‘ಬಿಡೇ, ಬೈಯೋಕೆ ಮನೆ ಇದೆ’ ಎಂದರು ಅತ್ತೆ. ‘ಡಾಕ್ಟ್ರೇ, ಆ ಪೆನ್ನು ಸ್ವಲ್ಪ ಕೆಳಗಿಡಿ. ನನ್ನ ಅಳಿಯ ಚೆನ್ನಾಗಿಯೇ ಮಾಡ್ತಾನೆ, ಆದರೆ ನಮ್ಮವರು ಎರಡನೇ ಸಲ ಗಂಟಲು ಸರಿಮಾಡಿಕೊಳ್ಳುವಾಗ ಇಷ್ಟು ಎಳೀತಿರಲಿಲ್ಲ. ಇವನದ್ದು ನಾಟಕದವರ ಗೊರಗೊರ.’

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ‘ಅತ್ತೆ, ನಿಮಗೆ ಗೊತ್ತಿತ್ತಾ?’

‘ಮೊದಲನೇ ದಿನವೇ ಗೊತ್ತಾಗಿತ್ತು ಕಣೋ. ಗವಾಕ್ಷಿಯಿಂದ ದನಿ ಬರುವ ಮೊದಲು ವಾಸನೆ ಬಂತು. ನಮ್ಮವರು ಜೀವಮಾನದಲ್ಲಿ ಒಂದು ಲೋಟ ತೊಳೆದವರಲ್ಲ. ಸತ್ತ ಮೇಲೆ ಬ್ಲೀಚ್ ಹಾಕಿಕೊಂಡು ಬರ್ತಾರಾ? ಇನ್ನೊಂದು, ಮಾತ್ರೆ ತಗೊಂಡ್ಯಾ ಅಂತ ಆ ಮನುಷ್ಯ ಒಂದು ದಿನವೂ ಕೇಳಿದವರಲ್ಲ. ಗಡಿಯಾರಗಳಿಗೆ ಕೇಳ್ತಿದ್ರೋ ಏನೋ.’

‘ಮತ್ಯಾಕಮ್ಮ ಸುಮ್ಮನಿದ್ದೆ?’ ಎಂದಳು ಮಗಳು. ‘ಈಗ ಡಾಕ್ಟ್ರ ಮುಂದೆಯೂ ಕೇಳಿಸುತ್ತೆ ಅಂದುಬಿಟ್ಟೆಯಲ್ಲ. ನಿನ್ನನ್ನ ಎಲ್ಲಿಗೆ ಕಳಿಸ್ತಿದ್ದೆವು ಗೊತ್ತಾ?’

‘ಗೊತ್ತು. ದೊಡ್ಡ ಕಿಟಕಿ.’ ಅತ್ತೆ ಕೈಚೀಲದ ಕೊಂಡಿಯನ್ನು ಮತ್ತೆ ತೆಗೆದು ಹಾಕಿದರು. ‘ಕೇಳಿಸುತ್ತೆ ಅಂದೆ. ಕೇಳಿಸೋದೇನೋ ನಿಜ ತಾನೇ? ಯಾರದು ಅಂತ ಹೇಳೋದು ಅವನ ಕೆಲಸ. ಹೇಳ್ತಾನೋ ಇಲ್ವೋ ನೋಡೋಣ ಅಂತಿದ್ದೆ. ಇಷ್ಟಕ್ಕೂ, ದಿನಾ ಬೆಳಿಗ್ಗೆ ಎರಡು ಮಾತು ಆಡೋಕೆ ಒಬ್ಬರು ಸಿಕ್ಕಿದ್ರು. ಅವರು ಇದ್ದಾಗ ಇಷ್ಟು ಮಾತು ಇರಲಿಲ್ಲ. ಅದರ ಜೊತೆ ಕೆಲಸವೂ ಆಗ್ತಿತ್ತು. ಎದುರಿಗೆ ಹೇಳಿದ್ರೆ ಅಳಿಯಂದ್ರಿಗೆ ಬೇಜಾರು; ಗೋಡೆಗೆ ಹೇಳಿದ್ರೆ ಮಾರನೇ ದಿನವೇ ಟವೆಲ್ಲು ತಂತಿ ಮೇಲೆ, ಟೀ ಒಲೆ ಮೇಲೆ. ಇಂಥ ಗೋಡೆ ಯಾರಿಗೆ ಸಿಗುತ್ತೆ ಡಾಕ್ಟ್ರೇ?’

ಡಾಕ್ಟರು ತುಟಿ ಕಚ್ಚಿಕೊಂಡಿದ್ದರು. ಅವನಿಗೆ ಬಲಗಡೆಯ ತಟ್ಟೆ ನೆನಪಾಯಿತು. ಹತ್ತಿರ ಬಂದು, ಏನೋ ಮರೆತವರಂತೆ ನಿಂತು, ತಿರುಗುತ್ತಿದ್ದ ಆ ಅಲ್ಪವಿರಾಮಗಳು. ಇಷ್ಟು ತಿಂಗಳು ತಾನು ಗೋಡೆಗೆ ಕಿವಿಯಿಟ್ಟು ಕದ್ದು ಕೇಳುತ್ತಿದ್ದೇನೆ ಎಂದುಕೊಂಡಿದ್ದ.

‘ಆದರೆ ಒಂದು’ ಎಂದರು ಅತ್ತೆ. ‘ಎಲ್ಲರದ್ದೂ ಮಾಡ್ತೀಯ, ನಿನ್ನದು ನೀನು ಯಾವತ್ತಾದರೂ ಕೇಳಿದ್ದೀಯಾ? ನಾನು ಮಾಡಲಾ?’ ಅವರು ಕುರ್ಚಿಯ ಅಂಚಿಗೆ ಜರುಗಿ, ಬೆನ್ನು ಸ್ವಲ್ಪ ಬಾಗಿಸಿ, ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದು, ಹುಬ್ಬು ಮೇಲೆ ಮಾಡಿಕೊಂಡರು. ‘ಅಲ್ಲ ಅತ್ತೆ... ಅದೇನಂದ್ರೆ... ಇವತ್ತು ಸ್ವಲ್ಪ ಲೇಟಾಗ...’ ಕೊನೆಯ ಪದ ಗಂಟಲಿಗೆ ವಾಪಸ್ ಹೋಯಿತು. ಅದರ ಹಿಂದೆಯೇ ಒಂದು ಅರ್ಧ ನಗು, ಒಳಗೆ ಬರಬಹುದಾ ಎಂದು ಕೇಳುವಂಥದ್ದು. ಹೆಂಡತಿ ಬಾಯಿಗೆ ಕೈ ಅಡ್ಡ ಇಟ್ಟಳು. ಬೈಗುಳ ಇನ್ನೂ ಕಣ್ಣಿನಲ್ಲೇ ಇತ್ತು, ಆದರೂ ಬೆರಳ ಸಂದಿಯಿಂದ ನಗು ಬಂದುಬಿಟ್ಟಿತು. ಡಾಕ್ಟರು ‘ಇವರೇ, ಅಲ್ವಾ’ ಎಂದು ನಕ್ಕೇಬಿಟ್ಟರು. ಅವನು ಮಾತ್ರ ನಗಲಿಲ್ಲ. ಎಂಥ ದನಿ ಅದು, ಮುಂದೆ ಖಾಲಿ ಇದ್ದರೂ ಬಸ್ಸಿನ ಮೆಟ್ಟಿಲ ಮೇಲೇ ನಿಂತು ಹೋಗುವವನದ್ದು. ಕೆಟ್ಟದ್ದೇನಲ್ಲ. ಯಾರದ್ದೋ ಆಗಿದ್ದರೆ ಅವನು ಅದನ್ನು ಎಂದೋ ಕಲಿತುಬಿಡುತ್ತಿದ್ದ.

ಟ್ಯಾಕ್ಸಿಯಲ್ಲಿ ಹೆಂಡತಿ ಕಿಟಕಿಯ ಕಡೆ ತಿರುಗಿ ಕೂತಳು. ಅಣ್ಣನಿಗೆ ಫೋನು ಮಾಡಿ, ‘ಅಮ್ಮ ಸರಿಯಾಗಿದ್ದಾರೆ. ಸರಿ ಇಲ್ಲದಿರೋದು ಬೇರೆಯವರು. ಕಿಟಕಿ ಬೇಡ’ ಎಂದಷ್ಟೇ ಹೇಳಿ ಇಟ್ಟಳು. ಮನೆಗೆ ಬಂದ ಮೇಲೆ ಅವನು ಟೀ ಮಾಡಿದ. ಅಡುಗೆಮನೆಯಲ್ಲಿ ಅವನಿಗೆ ಬೆನ್ನು ಮಾಡಿ ಲೋಟ ತೊಳೆಯುತ್ತ ಅವಳು ಕೇಳಿದಳು: ‘ಅಪ್ಪನ ದನೀಲಿ ಯಾವತ್ತಾದರೂ ನನ್ನನ್ನ ಕರೆದಿದ್ದೀರಾ? ನಾನು ಮಲಗಿದ್ದಾಗ, ಸುಮ್ಮನೆ?’

‘ಇಲ್ಲ. ನಿಜವಾಗಿಯೂ ಇಲ್ಲ.’

‘ಕರೀಬೇಡಿ’ ಎಂದಳು. ನಲ್ಲಿ ನಿಲ್ಲಿಸಿದಳು. ನಿಲ್ಲಿಸಿ, ತಿರುಗದೆ, ಲೋಟದ ನೀರು ಇಳಿದುಹೋಗುವವರೆಗೂ ಹಾಗೇ ನಿಂತಳು; ಅವನು ಮಾತು ಮೀರಿದರೂ ಮೀರಬಹುದು ಎಂಬ ಹಾಗೆ. ಅವನು ಮೀರಲಿಲ್ಲ. ಟೀ ಲೋಟವನ್ನು ಅವಳ ಪಕ್ಕದಲ್ಲಿಟ್ಟ. ಅವಳು ಅದನ್ನು ತೆಗೆದುಕೊಂಡಳು. ಸಕ್ಕರೆ ಕಡಿಮೆ ಎಂದಳು. ಮನೆಗೆ ಬಂದ ಮೇಲೆ ಅವಳು ಅವನಿಗೆ ಆಡಿದ ಮೊದಲ ಬೈಗುಳ ಅದು, ಅವನಿಗೆ ಹಾಯೆನಿಸಿತು.

ಮರುದಿನ ಬೆಳಿಗ್ಗೆ ಅವನು ಬಚ್ಚಲಲ್ಲಿ ನಿಂತಿದ್ದ. ಹೆಂಡತಿಯ ಚಪ್ಪಲಿ ಹಜಾರದಲ್ಲೇ ಇತ್ತು, ಹೊರಟಿರಲಿಲ್ಲ, ಚಟಪಟ ಎನ್ನುತ್ತಲೂ ಇರಲಿಲ್ಲ. ಗೋಡೆಯ ಆ ಕಡೆ ಮಂಚ ಕಿರ್ ಎಂದಿತು. ಅಭ್ಯಾಸದ ಗಂಟಲು ತಾನಾಗಿಯೇ ಗೊರಗುಟ್ಟಲು ಹೋಯಿತು. ಅದನ್ನು ಎಂಜಲಿನ ಜೊತೆ ನುಂಗಿದ. ಮಾತ್ರೆ ಅತ್ತೆಯ ಅಂಗೈಯಲ್ಲಿ ಕಾಯುತ್ತಿತ್ತು. ಇನ್ನು ಅದು ಹೊಟ್ಟೆಗೆ ಹೋಗುತ್ತದೋ, ಕುಂಡಕ್ಕೆ ಹೋಗುತ್ತದೋ, ಯಾರು ಬಲ್ಲರು. ತ್ರಾಣವಿದ್ದಷ್ಟೂ ತನ್ನ ದನಿಯನ್ನು ಹುಡುಕಿದ. ರೈಲ್ವೆ ಹೆಂಗಸು ಬಂದಳು, ಕಂಡಕ್ಟರ್ ಬಂದ, ಮೇಷ್ಟ್ರು ಗಲ್ಲ ಇಳಿಸಿಕೊಂಡು ಬಂದರು. ಎಲ್ಲರನ್ನೂ ಮುಂದಕ್ಕೆ ಹೋಗಿ ಎಂದ. ಉಳಿದದ್ದು ನಿನ್ನೆ ಕುರ್ಚಿಯ ಅಂಚಿನಲ್ಲಿ ಕೈಚೀಲ ಹಿಡಿದು ಕೂತ ಅತ್ತೆ. ಅವನು ಬೆನ್ನು ಸ್ವಲ್ಪ ಬಾಗಿಸಿದ. ಬ್ರಶ್ಶನ್ನು ಎರಡೂ ಕೈಯಲ್ಲಿ ಹಿಡಿದ. ಹುಬ್ಬು ಮೇಲೆ ಮಾಡಿಕೊಂಡು, ಅತ್ತೆ ಮಾಡಿದ ಹಾಗೆಯೇ, ಆದಷ್ಟು ಜಾಗರೂಕತೆಯಿಂದ ಶುರುಮಾಡಿದ.

‘ಅಲ್ಲ ಅತ್ತೆ... ಅದೇನಂದ್ರೆ... ಮಾತ್ರೆ...’



‘ಯಾರದು?’ ಎಂದಿತು ಗೋಡೆ.

‘ನಾನು’ ಎಂದ. ಎಂದ ಮೇಲೆ, ಹಳೆಯ ಚಾಳಿಯಿಂದ, ಅದು ಯಾರ ದನಿ ಎಂದು ನೆನಪು ಮಾಡಿಕೊಳ್ಳಲು ನೋಡಿದ. ಹೆಡ್‌ಮಾಸ್ಟರದ್ದಲ್ಲ, ಭಾವನದ್ದಲ್ಲ, ಅತ್ತೆ ಮಾಡಿ ತೋರಿಸಿದ್ದೂ ಅಲ್ಲ, ಯಾರದ್ದೂ ನೆನಪಾಗಲಿಲ್ಲ. ಗೋಡೆಯ ಆ ಕಡೆ ಲೋಟ ಎತ್ತಿದ ಸದ್ದಾಯಿತು.